ಹೂಟಗಳ್ಳಿಯ ‘ಬುಡು’ ಜಪಾನೀಸ್ ಕಲಿತದ್ದು

ನಮ್ಮ ಮ್ಯಾನೇಜರ್ ಕೆಮ್ಮುವ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಇದು ಜಂಬವಲ್ಲ. ಕಡಕೊಳದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ಕೆಮ್ಮಿಗೆ ಮೂರು ಹಂತಗಳಿವೆ. ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಕನ್ನಡಕ ಸರಿಮಾಡಿಕೊಳ್ಳುವುದು, ಕೊನೆಗೆ “ಹಾಗಲ್ಲಪ್ಪಾ...” ಎಂದು ಶುರು ಮಾಡುವುದು. ಆ ದಿನ ಟೀ ಬಿಡುವಿನಲ್ಲಿ ನಾನು ಮೂರನೇ ಹಂತಕ್ಕೆ ಬಂದಾಗ ಎದುರಿಗಿದ್ದವರೆಲ್ಲ ನಗುವುದನ್ನು ನಿಲ್ಲಿಸಿದರು. ಮಿಮಿಕ್ರಿ ಮಾಡುವವನ ಮುಂದೆ ಜನ ಹಾಗೆ ತಟ್ಟನೆ ಸುಮ್ಮನಾದರೆ ಎರಡೇ ಅರ್ಥ. ಒಂದೋ ಕೆಟ್ಟದಾಗಿ ಮಾಡಿದ್ದೇನೆ, ಇಲ್ಲವೋ ಅಸಲಿ ಆಸಾಮಿ ಹಿಂದೆ ಬಂದು ನಿಂತಿದ್ದಾರೆ.

ಕೆಟ್ಟದಾಗಂತೂ ಮಾಡಿರಲಿಲ್ಲ.

“ನಿಲ್ಲಿಸ್ಬಿಟ್ಯಲ್ಲಪ್ಪಾ,” ಅಂದರು ಮ್ಯಾನೇಜರ್. “ನಾನೇನು ಹೇಳೋಕೆ ಬಂದೆ ಅಂತ ನೀನೇ ಹೇಳ್ಬಿಡು, ನಂಗೂ ಕೆಲಸ ಉಳಿಯುತ್ತೆ.”

ಅವರು ಹೇಳಲು ಬಂದದ್ದು ಇದು. ವಾಹನಗಳಲ್ಲಿ ಎಣ್ಣೆ ಸೋರದಂತೆ ಕೂರಿಸುವ, ಬಳೆಯಂಥ ರಬ್ಬರ್ ಸೀಲು ಮಾಡುವ ನಮ್ಮ ಕಾರ್ಖಾನೆಗೆ ಜಪಾನಿನಿಂದ ಹೊಸ ಯಂತ್ರ ಬರಲಿದೆ. ಬರಲು ಇನ್ನು ಎಂಟು ತಿಂಗಳಿದೆ. ಅದರ ಜೊತೆ ಒಬ್ಬ ಎಂಜಿನಿಯರ್ ಬಂದು ಇಲ್ಲೇ ಇರುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ ಎನ್ನುವುದು ಸರಿ, ಇಂಗ್ಲಿಷೂ ಅಷ್ಟಕ್ಕಷ್ಟೆ. ಯಂತ್ರದ ಪಕ್ಕ ನಿಂತು ಮಾತು ದಾಟಿಸಲು, ಸೀಲಿನ ಕೆಲಸ ಗೊತ್ತಿರುವ ಒಬ್ಬ ಮನುಷ್ಯ ಬೇಕು. ಇಷ್ಟವಿದ್ದವರು ಭಾಷೆ ಕಲಿಯಲಿ. ಬಂದ ಮೇಲೆ ಎಂಜಿನಿಯರ್ ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂತು ಮಾತಾಡಿ, ಅವರೇ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆಯಾದವರಿಗೆ ಆ ಕೆಲಸ ಖಾಯಂ.

ಖಾಯಂ! ಆ ಪದ ಕೇಳಿದ್ದೇ ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ನಾನು ತಪಾಸಣೆ ವಿಭಾಗದಲ್ಲಿ ಗುತ್ತಿಗೆ ಹುಡುಗ, ಕೊರಳಲ್ಲಿ ಗುತ್ತಿಗೆಯವರಿಗೆ ಕೊಡುವ ಹಳದಿ ಕಾರ್ಡು. ನಾಲ್ಕನೇ ವರ್ಷ. ಆರಾರು ತಿಂಗಳಿಗೊಮ್ಮೆ ಗುತ್ತಿಗೆದಾರನ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು ನೋಡಲು ಗೇಟಿನ ಹತ್ತಿರ ನಿಲ್ಲುತ್ತೇನೆ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವವನ ಹಾಗೆ. ಒಂದೇ ಪರೀಕ್ಷೆಯನ್ನು ಜೀವನದಲ್ಲಿ ಏಳು ಸಲ ಪಾಸು ಮಾಡಿದವನು ಬಹುಶಃ ನಾನೊಬ್ಬನೇ.

ಮ್ಯಾನೇಜರ್ ನನ್ನ ಕೈ ನೋಡಿದರು, ಕನ್ನಡಕ ಸರಿಮಾಡಿಕೊಂಡರು.

“ನೀನಾ? ಕೋತೀನ ಜಪಾನಿಗೇ ಕಳ್ಸಿದ್ರೂ ಅದು ಕೋತಿಯಾಗೇ ವಾಪಸ್ ಬರುತ್ತೆ ಕಣಯ್ಯಾ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನ ಜೊತೆ ಕೈ ಎತ್ತಿದ ಇನ್ನೊಬ್ಬ ನಮ್ಮ ವಿಭಾಗದ ಡಿಪ್ಲೊಮಾ ಹುಡುಗ. ಅವನನ್ನು ಎಲ್ಲರೂ ‘ಡಿಪ್ಲೊಮಾ’ ಎಂದೇ ಕರೆಯುತ್ತಿದ್ದೆವು. ಕಂಪನಿಯ ಪಟ್ಟಿಯಲ್ಲಿ ಅವನ ಹೆಸರು ಆಗಲೇ ಭದ್ರವಾಗಿ ಕೂತಿತ್ತು. ಓದಿದ್ದು ಇಂಗ್ಲಿಷ್ ಮೀಡಿಯಂ. ಅವನಿಗೆ ಅದು ಬಡ್ತಿ, ನನಗೆ ಅದು ಖಾಯಂ. ಇಬ್ಬರ ನಡುವೆ ಒಂದೇ ಕೆಲಸ, ಒಂದೇ ಬೈಕು. ಬೈಕು ಅವನದು. ಬುಧವಾರ ಸಂಜೆ ಪಾಳಿ ಮುಗಿಸಿ, ಭಾನುವಾರ ಬೆಳಗ್ಗೆ ಮನೆಯಿಂದ, ನನ್ನನ್ನು ಹಿಂದೆ ಕೂರಿಸಿಕೊಂಡು ಓದಿದವರ ಬಡಾವಣೆಯಾದ ಒಂಟಿಕೊಪ್ಪಲಿನ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದವನು ನನ್ನ ಈ ಎದುರಾಳಿಯೇ.

ಕ್ಲಾಸು ಒಂದು ಮನೆಯ ಮುಂದಿನ ಕೋಣೆ. ಕಲಿಸುವವರು ಅರವತ್ತು ದಾಟಿದ ಹೆಂಗಸು. ಯಜಮಾನರ ಕೆಲಸದ ಮೇಲೆ ಹಿಂದೊಮ್ಮೆ ಹಲವು ವರ್ಷ ಜಪಾನಿನ ಸಣ್ಣ ಊರಿನಲ್ಲಿದ್ದು, ಅಕ್ಕಪಕ್ಕದ ಮನೆಯ ಹೆಂಗಸರಿಂದ ಭಾಷೆ ಕಲಿತು ಬಂದವರು. ಹೋದ ದಿನವೇ ಹೇಳಿದರು:

“ಮೇಡಂ, ಆಂಟಿ ಅಂತೆಲ್ಲ ಬೇಡ. ಗುರುಗಳಿಗೆ ಅಲ್ಲಿ ಸೆನ್ಸೇ ಅಂತಾರೆ. ಸೆನ್ಸೇ ಅನ್ನಿ.”

ಮೊದಲ ಸಾಲಿನಲ್ಲಿ ಕೂತಿದ್ದ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಸ್ಕೂಲಲ್ಲಿ ನಮ್ ಮೇಷ್ಟ್ರು ನಂಗೆ ಸೆನ್ಸೇ ಇಲ್ಲ ಅಂತಿದ್ರು ಮೇಡಂ. ಈಗ ಬಂತು ನೋಡಿ,” ಅಂದುಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಪಕ್ಕ ಏನೋ ಗುರುತು ಹಾಕಿಕೊಂಡರು. ಅದೇನು ಗುರುತು ಎಂದು ಇವತ್ತಿಗೂ ಹೇಳಿಲ್ಲ.

ಹಾಜರಿ ಕೂಗಿದಾಗ ‘ಹೈ’ ಅನ್ನಬೇಕು. ಹಾಗೆಂದರೆ ‘ಹೌದು, ಇದ್ದೇನೆ’ ಎಂದರ್ಥ. ಡಿಪ್ಲೊಮಾ ಹೈ ಅಂದ. ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಹೈ ಅಂದರು. ನನ್ನ ಸರದಿ ಬಂತು.

“ಐ.”

“ಹೈ,” ಅಂದರು ಸೆನ್ಸೇ.

“ಐ.”

“ಹ ಎಲ್ಲಪ್ಪಾ?”

“ಮನೇಲೇ ಬುಟ್ಬಂದ್ಬುಟ್ಟೆ ಸೆನ್ಸೇ.”

ಇಡೀ ಕೋಣೆ ಗೊಳ್ಳೆಂದಿತು. ಆದರೆ ನಾನು ಹೇಳಿದ್ದು ಅಪ್ಪಟ ನಿಜ. ನಮ್ಮಪ್ಪ ಅವ್ವ ನಂಜನಗೂಡಿನ ಕಡೆಯ ಹಳ್ಳಿಯಿಂದ ಹೂಟಗಳ್ಳಿಗೆ ಬಂದು ನೆಲೆಸಿದವರು. ನಮ್ಮ ಮನೆಯಲ್ಲಿ ಹಾಲು ಆಲು, ಹೂವು ಊವು, ಹೇಗೆ ಎನ್ನುವುದು ಎಂಗೆ. ಹ ಎನ್ನುವ ಅಕ್ಷರಕ್ಕೆ ನಮ್ಮ ಹೊಸಿಲೊಳಗೆ ಪ್ರವೇಶವಿಲ್ಲ. ಅದಿಲ್ಲದೆಯೇ ಮದುವೆ, ಮುಂಜಿ, ಜಗಳ ಎಲ್ಲ ಸಾಂಗವಾಗಿ ನಡೆದಿತ್ತು. ಈಗ ಜಪಾನೀಸಿಗೆ ಬಂದು ನೋಡಿದರೆ, ಆ ಭಾಷೆ ಹ ಇಲ್ಲದೆ ಹೌದು ಅನ್ನಲೂ ಬಿಡುವುದಿಲ್ಲ.

ಮೊದಲ ದಿನದ್ದೇ ಇನ್ನೊಂದು ಅನಾಹುತ. ಪರಿಚಯ ಮಾಡಿಕೊಳ್ಳುವ ಎರಡು ವಾಕ್ಯಗಳನ್ನು ಬರೆದುಕೊಟ್ಟಿದ್ದರು. ನಾನು ಓದತೊಡಗಿದೆ. ಸೆನ್ಸೇ ಕೈ ಎತ್ತಿ “ಮತ್ತೆ” ಅಂದರು. ಮುಂದೆ ಓದು ಎನ್ನುತ್ತಿದ್ದಾರೆ ಎಂದುಕೊಂಡು ಮುಂದೆ ಓದಿದೆ. “ಮತ್ತೆ, ಮತ್ತೆ!” ಅಂದರು. ಎಷ್ಟು ಪ್ರೋತ್ಸಾಹ ಕೊಡುತ್ತಾರಪ್ಪಾ ಈಯಮ್ಮ ಎಂದುಕೊಂಡು ಇನ್ನೂ ಜೋರಾಗಿ ಓದಿದೆ. ಹಾಳೆ ಮುಗಿದ ಮೇಲೆ ಗೋಡೆಗೆ ನೇತು ಹಾಕಿದ್ದ ಕ್ಯಾಲೆಂಡರನ್ನೂ ಓದಿದೆ. ಕೊನೆಗೆ ಅವರು ಹಣೆ ಒತ್ತಿಕೊಂಡು, “ಜಪಾನೀಸಲ್ಲಿ ಮತ್ತೆ ಅಂದ್ರೆ ನಿಲ್ಲು, ತಾಳು ಅಂತ ಕಣಪ್ಪಾ,” ಅಂದರು.

ಮನೆಗೆ ಬಂದು ಇದನ್ನೆಲ್ಲ ಅವ್ವನ ಮುಂದೆ ಅಭಿನಯಿಸಿ ತೋರಿಸಿದೆ. ಸ್ವಂತ ತಾಯಿಗೆ ಅಲ್ಲಿ ‘ಹಹ’ ಅನ್ನುತ್ತಾರಂತೆ, ಸ್ವಂತ ತಂದೆಗೆ ‘ಚಿಚಿ’ ಅನ್ನುತ್ತಾರಂತೆ ಎಂದೂ ಹೇಳಿದೆ. ಅವ್ವ ಅಪ್ಪನ ಕಡೆಗೊಮ್ಮೆ ತಿರುಗಿ ನೋಡಿ, “ಜಾಣ್ರು ಕಣ್ಲಾ ಅವ್ರು. ಸರ್ಯಾಗೇ ಮಡಗವ್ರೆ ಎಸ್ರಾ,” ಅಂದಳು. ಆಮೇಲೆ ಗೋಡೆಯ ಮೇಲಿದ್ದ ಬುದ್ಧನ ಪಟ ತೋರಿಸಿ ಕೇಳಿದಳು:

“ಅವ್ರೂ ಇವ್ನಿಗೇ ಅಲ್ವಾ ಕೈ ಮುಗ್ಯೋದು?”

“ಊಂ ಕಣವ್ವ.”

“ಇವ್ನ್ ಮಾತು ಅಲ್ಲೀಗಂಟ ಓಗಿ ಅವ್ರ ಬಾಸೆ ಕಲ್ತದೆ ಅಂದ್ಮೇಲೆ ನಿಂಗೇನ್ಲಾ ರೋಗ? ಕಲಿ. ಖಾಯಂ ಆಗು. ‘ನಿನ್ ಮಗ ಖಾಯಮ್ಮಾ’ ಅಂತ ಕೇಳೋರ್ಗೆಲ್ಲ ಇನ್ನೂ ಇಲ್ಲ ಇನ್ನೂ ಇಲ್ಲ ಅಂದು ನನ್ ಬಾಯಿ ಬಿದ್ದೋಯ್ತು.”

ಎರಡನೇ ವಾರ ವ್ಯಾಕರಣ ಶುರುವಾಯಿತು. ಪುಸ್ತಕ ಇಂಗ್ಲಿಷಿನದು. ಸೆನ್ಸೇ ಬೋರ್ಡಿನ ಮೇಲೆ ‘ವತಾಶಿ ವ ಕೋಹೀ ಒ ನೊಮಿಮಸು’ ಎಂದು ಬರೆದು, ಇದರ ಅರ್ಥ ‘ನಾನು ಕಾಫಿ ಕುಡಿಯುತ್ತೇನೆ’ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಮೊದಲು ನಾನು, ಆಮೇಲೆ ಕಾಫಿ, ಕ್ರಿಯಾಪದ ಮಾತ್ರ ಕೊಟ್ಟಕೊನೆಗೆ. ಕಾಫಿಯ ಹಿಂದೆ ಅಂಟಿರುವ ‘ಒ’ಗೆ ಇಂಗ್ಲಿಷಿನಲ್ಲಿ ಅರ್ಥವೇ ಇಲ್ಲ, ಸುಮ್ಮನೆ ನೆನಪಿಟ್ಟುಕೊಳ್ಳಿ ಎಂದರು. ಡಿಪ್ಲೊಮಾ ತಲೆ ಕೆರೆದುಕೊಂಡ. “ಎಲ್ಲಾ ತಲೆಕೆಳಗು ಸೆನ್ಸೇ. ಕುಡಿಯೋದು ಕೊನೇಲಿ ಬಂದ್ರೆ, ಅಲ್ಲೀವರೆಗೂ ಕಾಫಿಗೆ ಏನಾಯ್ತು ಅಂತ ಹೆಂಗೆ ಗೊತ್ತಾಗ್ಬೇಕು?”

ನಾನು ಬೋರ್ಡನ್ನೇ ನೋಡುತ್ತಿದ್ದೆ. ಏನೋ ಬಲು ಪರಿಚಿತ ಮುಖ. ಜಾತ್ರೆಯಲ್ಲಿ ಯಾರೋ ಎದುರು ಸಿಕ್ಕಿ, ಇವರು ನಮ್ಮ ಪಕ್ಕದ ಬೀದಿಯವರೇ ಅಲ್ಲವಾ ಅನಿಸುವ ಹಾಗೆ.

“ಸೆನ್ಸೇ, ನಾವು ಎಂಗಂತೀವಿ? ‘ನಾನು ಕುಡೀತೀನಿ ಕಾಫಿ’ ಅಂತೀವಾ?”

“ಇಲ್ಲ. ನಾನು ಕಾಫಿ...” ಸೆನ್ಸೇ ಅರ್ಧಕ್ಕೆ ನಿಂತರು.

“ನಾನು ಕಾಫೀನ ಕುಡೀತೀನಿ. ಕುಡಿಯೋದು ನಮ್ದೂ ಕೊನೇಲೇ ಅಲ್ವಾ? ಆ ‘ಒ’ ನಮ್ ‘ಅನ್ನು’ ಅಲ್ವಾ? ತಲೆಕೆಳಗಾಗಿರೋದು ಇಂಗ್ಲಿಷು ಸೆನ್ಸೇ, ಜಪಾನೀಸ್ ನೆಟ್ಟಗೇ ಅದೆ.”

ಸೆನ್ಸೇ ಸೀಮೆಸುಣ್ಣ ಕೆಳಗಿಟ್ಟು ಡಸ್ಟರು ಎತ್ತಿಕೊಂಡರು. ನಾನು ಇನ್ನೊಂದು ಗುರುತು ಬಿತ್ತು ಎಂದುಕೊಂಡೆ. ಅವರು ಬೋರ್ಡಿನ ಇಂಗ್ಲಿಷನ್ನೆಲ್ಲ ಒರೆಸಿದರು. ಒಂದು ಕಡೆ ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬರೆದರು. ಅದರ ಎದುರು ಜಪಾನೀಸಿನವು. ‘ಅನ್ನು’ ಎದುರು ‘ಒ’, ‘ಗೆ’ ಎದುರು ‘ನಿ’, ‘ಅಲ್ಲಿ’ ಎದುರು ‘ದೆ’. ನಾನೂ, ನೀನೂ ಅನ್ನುವಾಗಿನ ‘ಊ’ ಎದುರು ‘ಮೊ’. ಶಾಲೆಯಲ್ಲಿ ಇದೇ ವಿಭಕ್ತಿಗಳನ್ನು ಕನ್ನಡ ಮೇಷ್ಟ್ರ ಧ್ವನಿಯಲ್ಲೇ ಹೇಳಿ ಬೆಂಚಿನ ಮೇಲೆ ನಿಂತಿದ್ದ ನಾನು, ಈಗ ಒಂಟಿಕೊಪ್ಪಲಿನಲ್ಲಿ ಅವುಗಳನ್ನು ಎದ್ದು ನಿಂತು ಹಾಡಿದಂತೆ ಹೇಳಿದೆ.

“ಇಷ್ಟು ವರ್ಷ ಪುಸ್ತಕದಲ್ಲಿ ಇದ್ದ ಹಾಗೆ ಇಂಗ್ಲಿಷಲ್ಲೇ ಪಾಠ ಮಾಡ್ದೆನಲ್ಲೋ,” ಅಂದರು ಸೆನ್ಸೇ. “ಆದ್ರೆ ಈ ‘ವ’ಗೆ ಮಾತ್ರ ನಮ್ಮಲ್ಲಿ ಪ್ರತ್ಯಯ ಇಲ್ಲ. ಯಾವುದರ ಬಗ್ಗೆ ಮಾತಾಡ್ತೀವೋ ಅದನ್ನ ಮೊದಲು ಎತ್ತಿ ಮುಂದೆ ಇಡೋದು ಇದರ ಕೆಲಸ.”

“ಅದು ನಮ್ ‘ಇದ್ಯಲ್ಲ’ ಸೆನ್ಸೇ. ‘ಈ ಕಾಫಿ ಇದ್ಯಲ್ಲ, ಬಲೇ ಬಿಸಿ.’ ‘ನಮ್ ಮ್ಯಾನೇಜರ್ ಇದ್ದಾರಲ್ಲ...’”

“ಅವರು ಬೇಡ,” ಅಂದ ಡಿಪ್ಲೊಮಾ.

ಅಲ್ಲಿಂದ ಎರಡು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ‘ತಬೇತೆ ಮಿರು’ ಅಂದರೆ ತಿಂದು ನೋಡು. ನಾವು ತಿನ್ನುವುದನ್ನೂ ನೋಡುತ್ತೇವೆ, ಅವರೂ ನೋಡುತ್ತಾರೆ. ‘ಶಿತೆ ಒಕು’ ಅಂದರೆ ಮಾಡಿ ಇಡು. ಮನೆಯಿಂದ ಹೊರಡುವಾಗ ಅವರು ಹೇಳುವ ‘ಇತ್ತೆ ಕಿಮಸು’ ಅಂದರೆ ಹೋಗಿ ಬರ್ತೀನಿ. ಬರೀ ಹೋಗ್ತೀನಿ ಅಂದರೆ ಅವರ ಮನೆಯಲ್ಲೂ ಅಜ್ಜಿಯರು ಬೈಯುತ್ತಾರೋ ಏನೋ. ಡಿಪ್ಲೊಮಾ ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ಕಟ್ಟಿ, ಬಿಚ್ಚಿ, ಹಿಂದು ಮುಂದು ಮಾಡಿ ಜೋಡಿಸುವಷ್ಟರಲ್ಲಿ ನಾನು ಕನ್ನಡದ ವಾಕ್ಯವನ್ನು ಹಾಗೇ ಎತ್ತಿ, ಪದಗಳ ಅಂಗಿ ಬದಲಾಯಿಸಿ ನಿಲ್ಲಿಸಿಬಿಡುತ್ತಿದ್ದೆ. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಜಂಬ ಕೊಚ್ಚುತ್ತಿದ್ದೆ. ಪಾಪ, ಹೆಲ್ಮೆಟ್ಟು ಹಾಕಿಕೊಂಡಿದ್ದರಿಂದ ಬದುಕಿಕೊಂಡ.

ಆಮೇಲೆ ಸೆನ್ಸೇ ಒಂದು ಕಿರುಪರೀಕ್ಷೆ ಕೊಟ್ಟರು. ‘ನನಗೆ ಕಾಫಿ ಇಷ್ಟ’ ಎನ್ನುವಂಥ ಹತ್ತು ವಾಕ್ಯ ಬರೆಯಬೇಕು. ನನಗೆ ಎಂದರೆ ‘ವತಾಶಿ ನಿ’. ಒಂದು ಗಳಿಗೆಯೂ ಯೋಚಿಸದೆ ಬರೆದು, ಎಲ್ಲರಿಗಿಂತ ಮೊದಲು ಕೊಟ್ಟು, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಶಿಳ್ಳೆ ಹಾಕಿದೆ. ಉತ್ತರ ತಪ್ಪು. ಜಪಾನೀಸಿನಲ್ಲಿ ಇಷ್ಟವಾಗುವುದು ‘ನನಗೆ’ ಅಲ್ಲ. ‘ನಾನು ಇದ್ದೀನಲ್ಲ, ಕಾಫಿ ಇಷ್ಟ’. ನನಗೆ ತಲೆನೋವು, ನನಗೆ ಅದು ಬೇಕು, ನನಗೆ ಇದು ಇಷ್ಟ ಎಂದು ಎಲ್ಲ ಕಡೆಯೂ ‘ನಿ’ ಬಡಿದಿದ್ದೆ. ಹತ್ತಕ್ಕೆ ಮೂರು ಬಂತು. ಡಿಪ್ಲೊಮಾನಿಗೆ ಎಂಟು.

“ಕನ್ನಡ ಏಣಿ ಕಣಪ್ಪಾ,” ಅಂದರು ಸೆನ್ಸೇ. “ಹತ್ತೋಕೆ ಚೆನ್ನಾಗಿದೆ. ಅಟ್ಟದ ಮೇಲೂ ಅದನ್ನೇ ಹೊತ್ಕೊಂಡು ಓಡಾಡ್ತೀನಿ ಅಂದ್ರೆ ಗೋಡೆಗೆಲ್ಲ ತಗಲುತ್ತೆ.”

ಆ ದಿನ ಬೈಕಿನ ಮೇಲೆ ಡಿಪ್ಲೊಮಾ ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟ. “ಇವತ್ತು ಕಿವಿ ಫ್ರೀಯಾಗಿದೆ ಕಣೋ. ಮಾತಾಡು.” ನಾನು ಅವನ ತಲೆಗೇ ಅದನ್ನು ವಾಪಸ್ ತುರುಕಿದೆ.

ವ್ಯಾಕರಣ ಹೇಗೋ ಸರಿಹೋಯಿತು, ಹ ಮಾತ್ರ ಬರಲಿಲ್ಲ. ಸೆನ್ಸೇ ಒಂದು ಸಣ್ಣ ದುಂಡು ಕನ್ನಡಿ ಕೊಟ್ಟರು. ಬಾಯಿಯ ಮುಂದೆ ಹಿಡಿದು ಹ ಅನ್ನು, ಆವಿ ಕೂತರೆ ಹ, ಕೂರದಿದ್ದರೆ ಬರೀ ಅ ಎಂದರು. ಮನೆಯಲ್ಲಿ ದಿನಾ ಬೆಳಗ್ಗೆ ಅದನ್ನು ಹಿಡಿದು ಕೂರುತ್ತಿದ್ದೆ.

“ಇದ್ಯಾಕ್ಲಾ ಕನ್ನಡೀಗೆ ಊದ್ತಾ ಕುಂತಿದ್ದೀಯೆ?” ಅಂದಳು ಅವ್ವ.

“ಊದ್ತಿಲ್ಲ ಕಣವ್ವ. ‘ಅ’ ಕಲೀತಿವ್ನಿ.”

“‘ಅ’ ಕಲೀಲಿ ಅಂತ ಒಂದ್ನೇ ಕ್ಲಾಸಿಗೇ ಕಳ್ಸಿದ್ನಲ್ಲೋ!”

ಇದಕ್ಕೆ ದಾರಿ ತೋರಿಸಿದವನು ಡಿಪ್ಲೊಮಾ. ಒಂದು ದಿನ ಕ್ಯಾಂಟೀನಿನಲ್ಲಿ, ಬಾಗಿಲ ಕಡೆ ಎರಡು ಸಲ ನೋಡಿಕೊಂಡು, ನಾನು ಮ್ಯಾನೇಜರ್ ಆಗಿದ್ದೆ. ಅವನು ಬನ್ನು ತಿನ್ನುವುದನ್ನು ನಿಲ್ಲಿಸಿದ. “ಲೋ! ಮ್ಯಾನೇಜರ್ ಆದಾಗ ನಿಂಗೆ ಹ ಬರುತ್ತೆ ಕಣೋ! ‘ಹಾಗಲ್ಲಪ್ಪಾ’ ಅಂತ ಎಷ್ಟು ಚೆನ್ನಾಗಿ ಅಂದೆ!” ನಿಜವಾಗಿತ್ತು. ಬೇರೆಯವರ ಬಾಯಲ್ಲಿ ನನಗೆ ಎಲ್ಲ ಅಕ್ಷರವೂ ಬರುತ್ತದೆ. ನನ್ನ ಬಾಯಲ್ಲಿ ಮಾತ್ರ ಇಲ್ಲ. ಸರಿ, ಜಪಾನೀಸನ್ನು ಸೆನ್ಸೇಯ ಧ್ವನಿಯಲ್ಲೇ ಮಾತಾಡಿಬಿಡೋಣ ಎಂದು ತೀರ್ಮಾನಿಸಿದೆ. ಅವರ ತೆಳ್ಳಗಿನ ದನಿ, ವಾಕ್ಯದ ಕೊನೆಗೆ ತಲೆ ಓರೆ ಮಾಡಿ ಎಳೆಯುವ ‘ನೇ’, ಅಯ್ಯೋ ರಾಮ ಅನ್ನಬೇಕಾದಲ್ಲಿ ಅವರು ಅನ್ನುವ ‘ಅರಾ ಮಾ’ ಎಲ್ಲವನ್ನೂ ಹಾಗೇ ಎತ್ತಿಕೊಂಡೆ. ಹ ಬಂತು. ಕನ್ನಡಿ ಮಂಜಾಯಿತು. ಸೆನ್ಸೇಗೆ ಮಾತ್ರ ಇದು ಗೊತ್ತಾಗಲಿಲ್ಲ. ತಮ್ಮ ಧ್ವನಿ ತಮಗೆ ಗೊತ್ತಾಗುವುದು ಕಷ್ಟ.

ಏಳನೇ ತಿಂಗಳು, ಪುಸ್ತಕದ ಕೊನೆಯ ಪಾಠಗಳಲ್ಲಿ, ‘ತೆ ಶಿಮಾವು’ ಎಂಬುದು ಬಂತು. ಕ್ರಿಯಾಪದದ ಬಾಲಕ್ಕೆ ಇದನ್ನು ಕಟ್ಟಿದರೆ, ಆ ಕೆಲಸ ಪೂರ್ತಿ ಮುಗಿದೇಹೋಯಿತು ಎಂದೋ, ಆಗಬಾರದ್ದು ಕೈಮೀರಿ ಆಗಿಹೋಯಿತು ಎಂದೋ ಅರ್ಥ. ಪುಸ್ತಕ ಅದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಪುಟ ವಿವರಣೆ ಕೊಟ್ಟಿತ್ತು. ಡಿಪ್ಲೊಮಾ ಅದನ್ನು ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡ, ಆದರೂ ಮುಖ ತಿಳಿಯಾಗಲಿಲ್ಲ. “ಬಿತ್ತು ಅಂದ್ರೆ ಸಾಲದಾ ಸೆನ್ಸೇ? ಬೀಳೋದ್ರಲ್ಲಿ ಎಷ್ಟು ಥರ ಇರುತ್ತೆ?”

ನಾನು ಎದ್ದೇ ನಿಂತೆ. “ಸೆನ್ಸೇ, ಅದು ಬುಡು.”

“ಏನನ್ನ ಬಿಡೋದು?”

“ಬಿಡೋದಲ್ಲ, ಬುಡು! ಲೋಟ ಬಿತ್ತು ಅಂದ್ರೆ ಬಿತ್ತು ಅಷ್ಟೆ. ಬಿದ್ದೋಗ್ಬುಡ್ತು ಅಂದ್ರೆ ಅಯ್ಯಯ್ಯೋ ಅಂತ. ಬಂದೆ ಬೇರೆ, ಬಂದ್ಬುಟ್ಟೆ ಬೇರೆ. ಏಳ್ದೆ ಬೇರೆ, ಏಳ್ಬುಟ್ಟೆ ಬೇರೆ.”

ಈ ‘ಬುಡು’ ನನ್ನ ಜೀವ ತಿಂದ ಪದ. ಬಿಡು ಅನ್ನೋ, ಬುಡು ಅನ್ನಬೇಡವೋ ಎಂದು ಶಾಲೆಯಲ್ಲಿ ಮೇಷ್ಟ್ರು ಇದಕ್ಕಾಗಿ ನನ್ನ ಕಿವಿ ಹಿಂಡಿದ್ದಾರೆ. ಪೇಟೆಯ ಹುಡುಗರು ನನ್ನನ್ನು ‘ಬಂದ್ಬುಟ್ಟ’ ಎಂದೇ ಕರೆಯುತ್ತಿದ್ದರು. ಆಮೇಲೆ ನಾನು ಅವರನ್ನೆಲ್ಲ ಅವರವರ ಧ್ವನಿಯಲ್ಲೇ ಅಣಕಿಸಿ ಸೇಡು ತೀರಿಸಿಕೊಂಡೆ, ನನ್ನ ಈ ವಿದ್ಯೆ ಶುರುವಾದದ್ದೇ ಹಾಗೆ. ಸೆನ್ಸೇ ನಗದೆ, ಗಂಭೀರವಾಗಿ ಬೋರ್ಡಿನ ಕಡೆ ತಿರುಗಿ, ‘ಶಿಮಾವು’ ಎಂದು ಬರೆದಿದ್ದರ ಎದುರು ದಪ್ಪ ಅಕ್ಷರದಲ್ಲಿ ‘ಬುಡು’ ಎಂದು ಬರೆದರು. ಬಿಡು ಅಲ್ಲ, ಬುಡು. ಅಚ್ಚುಕಟ್ಟಾದ ಒಂಟಿಕೊಪ್ಪಲಿನ ಕೈಬರಹದಲ್ಲಿ ನಮ್ಮ ಮನೆಯ ಮಾತು! ನಾನು ಫೋನಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಂಡಿದ್ದೇನೆ.

ಯಂತ್ರ ಬಂತು. ಎಂಜಿನಿಯರೂ ಬಂದರು. ಐವತ್ತು ದಾಟಿದ, ಸಣ್ಣ ಕಟ್ಟಿನ ಮನುಷ್ಯ, ಜೇಬಿನಲ್ಲಿ ಪುಟ್ಟ ನೋಟುಪುಸ್ತಕ. ಸಂದರ್ಶನ ಮೀಟಿಂಗ್ ರೂಮಿನಲ್ಲಿ. ಅವರ ಪಕ್ಕದಲ್ಲಿ ಮ್ಯಾನೇಜರ್, ಮೇಜಿನ ಮೇಲೆ ಒಂದು ಖಾಲಿ ಟ್ರೇ, ಒಂದು ಸೀಲು.

ಮೊದಲು ಡಿಪ್ಲೊಮಾ ಹೋದ. ಹತ್ತು ನಿಮಿಷದ ಮೇಲೆ ಅಂಗಿಯ ಬೆನ್ನು ಒದ್ದೆ ಮಾಡಿಕೊಂಡು ಬಂದ. “ಒಂದು ವಾಕ್ಯ ಕಟ್ಟೋ ಹೊತ್ತಿಗೆ ಮುಂದಿನ ಪ್ರಶ್ನೆ ಬರುತ್ತೆ ಕಣೋ. ನೀನು ಕಟ್ಟೋಕೆ ಹೋಗ್ಬೇಡ, ಹಾಗೇ ಮಾತಾಡು,” ಅಂದ. ಎದುರಾಳಿಗೆ ಬಾಗಿಲಲ್ಲಿ ನಿಂತು ಪ್ರಶ್ನೆಪತ್ರಿಕೆ ಬಯಲು ಮಾಡುವವನನ್ನು ಏನೆಂದು ಅಣಕಿಸುವುದು? ಹಾಗಾಗಿ ಅವನನ್ನು ಇಲ್ಲಿಯವರೆಗೂ ನಾನು ಅಣಕಿಸಿಲ್ಲ. ಹೆಚ್ಚೇನೂ ಅಣಕಿಸಿಲ್ಲ.

ನಾನು ಒಳಗೆ ಹೋಗಿ, ಬಗ್ಗಿ, ಸೆನ್ಸೇಯ ಧ್ವನಿಯಲ್ಲಿ ನಮಸ್ಕಾರ ಹೇಳಿದೆ. ನನ್ನ ಕೆಲಸ ಏನೆಂದು ಕೇಳಿದರು. ತೆಳ್ಳಗಿನ ದನಿಯಲ್ಲಿ, ತಲೆ ಓರೆ ಮಾಡಿ, ಕೊನೆಗೊಂದು ಉದ್ದನೆಯ ‘ನೇ’ ಎಳೆದು ಹೇಳಿದೆ. ಎಂಜಿನಿಯರ್ ಪೆನ್ನು ಕೆಳಗಿಟ್ಟರು. ನಿಮ್ಮ ಗುರುಗಳು ಹೆಂಗಸರೇ ಎಂದು ಕೇಳಿದರು. ಹೈ ಅಂದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕರು. ಭುಜ ಕುಣಿಯುವಷ್ಟು ನಕ್ಕರು. ನಗುತ್ತಲೇ ಹೇಳಿದ್ದರಲ್ಲಿ ‘ಒಬಾಚಾನ್’ ಅನ್ನುವುದು ಕೇಳಿಸಿತು. ಅಜ್ಜಿ. ಇಪ್ಪತ್ಮೂರು ವರ್ಷದ, ಗಡ್ಡ ಬಿಟ್ಟ ನಾನು ಥೇಟ್ ಅವರ ಅಜ್ಜಿಯ ಹಾಗೆ ಮಾತಾಡುತ್ತಿದ್ದೇನಂತೆ.

“ಫುತ್ಸೂ ದೆ ಈ ದೆಸು ಯೊ,” ಅಂದರು. ಫುತ್ಸೂ ಎಂದರೆ ಮಾಮೂಲು. ಮಾಮೂಲಾಗಿ ಮಾತಾಡಿದರೆ ಸಾಕು ಕಣೋ ಎಂದಂತೆ. ಅದೊಂದನ್ನೇ ನಾನು ಕಲಿತಿರಲಿಲ್ಲ. ಅಜ್ಜಿಯನ್ನು ಇಳಿಸಿ ನನ್ನ ಧ್ವನಿಗೆ ಬಂದೆ. ಅದು ಬರಿಗಾಲಲ್ಲಿ ನಿಂತ ಹಾಗಿತ್ತು.

ಅವರು ಟ್ರೇ ತೋರಿಸಿ, ಇದರಲ್ಲಿ ಎಷ್ಟು ಸೀಲು ಹಿಡಿಸುತ್ತದೆ ಎಂದರು. ಎಂಟು. ಎಂಟಕ್ಕೆ ‘ಹಚಿ’.

“ಅಚಿ,” ಅಂದೆ.

ಅವರು ನೋಟುಪುಸ್ತಕದಲ್ಲಿ ಒಂದು ಎಂದು ಬರೆದರು. ಒಂದಕ್ಕೆ ‘ಇಚಿ’. ಬರೆದು, ಅಷ್ಟು ದೊಡ್ಡ ಟ್ರೇಯನ್ನು ನೋಡಿ, ಒಂದು ಬೆರಳೆತ್ತಿ “ಇಚಿ?” ಅಂದರು.

“ಅಲ್ಲ, ಅಚಿ.”

“ಇಚಿ?”

“ಅಚಿ! ಅಚಿ!”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು, ಕನ್ನಡಕಕ್ಕೆ ಕೈ ಹಾಕಿದರು. ಮೂರನೇ ಹಂತ ಬಂದರೆ ನನ್ನ ಕಥೆ ಮುಗಿಯಿತು. ನಾಲ್ಕು ವರ್ಷದ ಗೇಟು, ಅವ್ವನ ಬಿದ್ದುಹೋದ ಬಾಯಿ, ಎಲ್ಲವೂ ಒಂದು ಅಕ್ಷರಕ್ಕೆ ಸಿಕ್ಕಿಕೊಂಡು ನೇತಾಡುತ್ತಿದೆ, ಆ ಅಕ್ಷರವೋ ನನ್ನ ಗಂಟಲೊಳಗೆ ಇ ಅಲ್ಲ ಅ ಎಂದು ಜಗಳ ಆಡುತ್ತಿದೆ. ನನಗೆ ನಗು ಬಂದುಬಿಟ್ಟಿತು. ಬೇರೆ ಯಾರದೋ ನಗುವಲ್ಲ, ನನ್ನದೇ. ತಡೆಯಲಾಗದೆ ಹಹಹ ಎಂದೆ.

ಹಹಹ. ನಗುವಾಗ ಇದ್ದೇ ಇದೆಯಲ್ಲ!

“ಹಹ... ಹಚಿ!” ಅಂದೆ. ಸೀನಿದ ಹಾಗಾಯಿತು, ಆದರೆ ಹ ಬಂದಿತ್ತು. ಎಂಟು ಬೆರಳನ್ನೂ ಎತ್ತಿ ತೋರಿಸಿದೆ. ಹಾಗೆ ಎತ್ತುವಾಗ ಮೊಣಕೈ ತಗುಲಿ, ಮೇಜಿನ ಮೇಲಿದ್ದ ಸೀಲು ಉರುಳಿಕೊಂಡು ಹೋಗಿ ಎಂಜಿನಿಯರ್ ಕಾಲಿನ ಹತ್ತಿರ ಬಿತ್ತು.

ನನ್ನ ತಲೆಯೊಳಗೆ ಅವ್ವನ ಕನ್ನಡ ಕೂಗಿತು: ಅಯ್ಯಯ್ಯೋ, ಬಿದ್ದೋಗ್ಬುಡ್ತು! ಬಾಯಿಂದ ಹೊರಗೆ ಬಂದದ್ದು ಮಾತ್ರ ಜಪಾನೀಸು.

“ಅ! ಒಚಿತೆ ಶಿಮಾಯಿಮಶಿತ!”

ಸೀಲು ಎತ್ತಿಕೊಳ್ಳಲು ಬಗ್ಗಿದ್ದ ಎಂಜಿನಿಯರ್ ಅರ್ಧಕ್ಕೇ ನಿಂತು, ತಲೆ ಎತ್ತಿ ನನ್ನನ್ನು ನೋಡಿದರು. ಈಗ ನಗು ಇರಲಿಲ್ಲ. ಸೀಲನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಕೇಳಿದರು. ಎಲ್ಲಿ ಕಲಿತೆ, ಪುಸ್ತಕದಲ್ಲಾ? ಬೀಳಿಸಿದೆ, ಬಿತ್ತು ಎಂದು ಹೇಳುವವರು ಸಿಗುತ್ತಾರೆ; ಹೀಗೆ ಬಾಯಿಗೆ ತಾನಾಗಿ ಬರುವುದು ಕಷ್ಟ. ಇದರಲ್ಲಿ ಅರ್ಧವನ್ನು ಕಿವಿಯಿಂದ, ಅರ್ಧವನ್ನು ಅವರ ಮುಖದಿಂದ ತಿಳಿದುಕೊಂಡೆ.

ನಾನು ವಾಕ್ಯ ಕಟ್ಟಲು ಹೋಗಲಿಲ್ಲ. “ಉಚಿ ನೊ ಕೊತೊಬಾ ನಿ ಮೊ ಅರಿಮಸು,” ಅಂದೆ. ನಮ್ಮ ಮನೆಯ ಮಾತಿನಲ್ಲೂ ಇದೆ.

“ಹೋ,” ಅಂದರು ಅವರು. ಆಮೇಲೆ ಮಾತು ಯಂತ್ರದ ಕಡೆ ಹೋಯಿತು. ಸೀಲಿನ ಅಂಚು ಎಲ್ಲಿ ಹರಿಯುತ್ತದೆ, ಬಿಸಿ ಹೆಚ್ಚಾದರೆ ಏನಾಗುತ್ತದೆ, ಸರಿ ಇಲ್ಲದ್ದನ್ನು ಹೇಗೆ ಗುರುತು ಹಿಡಿಯುತ್ತೀಯ. ಗೊತ್ತಿಲ್ಲದ ಪದ ಬಂದರೆ ಕೈಯಲ್ಲಿ ತೋರಿಸಿದೆ, ಅಂಚು ಹರಿಯುವ ಸದ್ದನ್ನು ಬಾಯಲ್ಲೇ ಮಾಡಿದೆ. ಆ ಸದ್ದಿಗೆ ಅವರು ಚಟ್ಟನೆ ತಲೆಯಾಡಿಸಿ ಬರೆದುಕೊಂಡರು. ಹತ್ತು ನಿಮಿಷ ಇಪ್ಪತ್ತೈದಾಯಿತು. ಮ್ಯಾನೇಜರ್ ನನ್ನ ಮುಖ, ಅವರ ಮುಖ, ಮತ್ತೆ ನನ್ನ ಮುಖ ನೋಡುತ್ತ ಕೂತಿದ್ದರು.

ಕೊನೆಗೆ ಎಂಜಿನಿಯರ್ ನೋಟುಪುಸ್ತಕ ಮುಚ್ಚಿ ಎದ್ದು ನಿಂತರು. ನಾನೂ ಎದ್ದೆ. ನನ್ನ ಕಡೆ ಸ್ವಲ್ಪ ಬಗ್ಗಿ, “ಅಶಿತ ಕರ, ಒನೆಗಾಯಿ ಶಿಮಸು,” ಎಂದು ಹೇಳಿ ಯಂತ್ರದ ಕಡೆ ಹೊರಟುಹೋದರು.

ಬಾಗಿಲು ಮುಚ್ಚಿತು.

“ಏನಯ್ಯಾ ಅಂದ್ರು?” ಅಂದರು ಮ್ಯಾನೇಜರ್. “ಅಶಿತ ಅಂದ್ರೆ ನಾಳೆ ಅಂತ ನಂಗೂ ಗೊತ್ತು, ಫೋನಲ್ಲಿ ನೋಡ್ಕೊಂಡಿದ್ದೀನಿ. ನಾಳೆ ಬಾ ಅಂದ್ರಾ?”

“ಇಲ್ಲ ಸಾರ್.”

“ಮತ್ತೆ?”

“ಬರೀ ನಾಳೆ ಅಲ್ಲ ಸಾರ್. ಅಶಿತ ಅಂದ್ರೆ ನಾಳೆ. ಕರ ಅಂದ್ರೆ ಇಂದ. ನಾಳೆಯಿಂದ, ನೀನು ನೋಡ್ಕೋಬೇಕು ಅಂದ್ರು.”

“ಎರಡೂ ಒಂದೇ ಅಲ್ವೇನಯ್ಯಾ?”

ಒಂದೇ! ಬಾಗಿಲ ಮೇಲೆ ದೆವ್ವಕ್ಕೆ ಬರೆಯುವುದು ‘ನಾಳೆ ಬಾ’ ಎಂದು. ನಾಲ್ಕು ವರ್ಷದಿಂದ ಗುತ್ತಿಗೆದಾರ ನನಗೆ ಹೇಳುತ್ತಿರುವುದೂ ಅದನ್ನೇ.

“ಅಲ್ಲ ಸಾರ್,” ಅಂದೆ. ಧ್ವನಿ ನನ್ನದೇ ಆಗಿತ್ತು. “ನಾಳೆ ಬಾ ಅಂದ್ರೆ ನಾಳೆ ಒಂದಿನ. ನಾಳೆಯಿಂದ ಬಾ ಅಂದ್ರೆ, ನಾಳೆ, ನಾಡಿದ್ದು, ಆಚೆ ನಾಡಿದ್ದು, ಅದರಾಚೆದು... ಅದಕ್ಕೆ ಕೊನೆ ಇಲ್ಲ ಸಾರ್.”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. ಕನ್ನಡಕ ಸರಿಮಾಡಿಕೊಂಡರು. ಇನ್ನು ‘ಹಾಗಲ್ಲಪ್ಪಾ’ ಬರುತ್ತದೆ ಎಂದುಕೊಂಡೆ.

“ಹಾಗಾದ್ರೆ,” ಅಂದರು, “ಆ ಹಳದಿ ಕಾರ್ಡು ಬಿಚ್ಚಿ ಇಲ್ಲೇ ಮೇಜಿನ ಮೇಲೆ ಇಟ್ಟು ಹೋಗಪ್ಪಾ. ನಾಳೆಯಿಂದ ಬೇಡ ಅದು.”